ಮಂಗಳವಾರದ ಹೆಜ್ಜೆ

ಅಂದು ಮಂಗಳವಾರ. ಬೆಳಿಗ್ಗೆ ಹನ್ನೊಂದು ಗಂಟೆಯ ಸಮಯ. ಸಂಕ್ರಾಂತಿಗೆ ಇನ್ನೆರಡು ವಾರವಿತ್ತು. ಮನೆ ತುಂಬ ಅವರೆಕಾಯಿಯ ಸೊಗಡು. ನಾನು ಹಾಲ್‌ನಲ್ಲಿ ಹಳೆಯ ಪೇಪರು ಹಾಸಿಕೊಂಡು, ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತ ಕುಳಿತಿದ್ದೆ. ನಮ್ಮವರು ಸೊಪ್ಪು ತರುತ್ತೇನೆಂದು ಹೋಗಿದ್ದರು. ಅವರು ಸೊಪ್ಪಿಗೆ ಹೋದರೆಂದರೆ ದಾರಿಯಲ್ಲಿ ಹತ್ತು ಜನರನ್ನು ಮಾತನಾಡಿಸಿ, ಸೊಪ್ಪು ಬಾಡಿದ ಮೇಲೇ ಮನೆಗೆ ಬರುವುದು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗಿದ್ದರು. ಕೆಲಸದಾಕೆ ಒಳಕೋಣೆ ಒರೆಸಿ, ಬಕೆಟ್ ಎತ್ತಿಕೊಂಡು ಹಾಲ್‌ಗೆ ಬಂದಿದ್ದಳು. ಮೊಮ್ಮಗಳು ಪುಟ್ಟಿ ದಿವಾನದ ಅಂಚು ಹಿಡಿದು ನಿಂತು, ನಾನು ಸುಲಿದು ಹಾಕುತ್ತಿದ್ದ ಹಸಿರು ಕಾಳನ್ನೇ ದಿಟ್ಟಿಸುತ್ತಿದ್ದಳು.

ಇದ್ದಕ್ಕಿದ್ದಂತೆ ಅವಳು ಕೈ ಬಿಟ್ಟಳು.

ಎರಡೂ ಕೈ ಮೇಲೆತ್ತಿ, ಕಾಲು ಅಗಲಿಸಿ, ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿಯ ಹಾಗೆ ಒಂದು ಕ್ಷಣ ತೂಗಾಡಿದಳು. ಬಲಗಾಲು ಮುಂದೆ ಬಂತು. ಆಮೇಲೆ ಎಡಗಾಲು. ಮತ್ತೆ ಬಲಗಾಲು. ಮೂರು ಹೆಜ್ಜೆ. ಮೂರನೆಯದಕ್ಕೆ ಧೊಪ್ಪೆಂದು ಮೊರದ ಪಕ್ಕದಲ್ಲೇ ಕುಳಿತು, ಒಂದು ಹಿಡಿ ಕಾಳನ್ನು ನೆಲಕ್ಕೆಲ್ಲ ಚೆಲ್ಲಿ, ಏನೂ ಆಗಿಲ್ಲವೆಂಬಂತೆ ನನ್ನ ಮುಖ ನೋಡಿದಳು.

ನೀವೇ ಹೇಳಿ, ಆಗ ಅಜ್ಜಿಯಾದವಳು ಏನು ಮಾಡಬೇಕು? ಮಗುವನ್ನು ಬಾಚಿ ತಬ್ಬಿಕೊಂಡು ಮುದ್ದಿಡಬೇಕು. ಮುದ್ದೇನೋ ಇಟ್ಟೆ. ಆದರೆ ಅದಕ್ಕೂ ಮುಂಚೆ ನಾನು ಮಾಡಿದ ಕೆಲಸವೆಂದರೆ, ಕಳ್ಳಿಯ ಹಾಗೆ ಬಾಗಿಲ ಕಡೆಗೆ ತಿರುಗಿ ನೋಡಿದ್ದು. ಕೆಲಸದಾಕೆ ಬಕೆಟ್ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಮನಸ್ಸನ್ನೇ ಓದಿದವಳಂತೆ ಮೆಲ್ಲಗೆ ಹೇಳಿದಳು: "ಅಕ್ಕಾರಿಗೆ ಹೇಳಬ್ಯಾಡ್ರಿ ಅಮ್ಮಾ."

ಅಕ್ಕಾರು ಎಂದರೆ ನನ್ನ ಸೊಸೆ.

ಇದರ ಹಿಂದೆ ಒಂದು ಕತೆಯಿದೆ. ಅದರಲ್ಲಿ ನನ್ನ ತಪ್ಪೂ ಸಾಕಷ್ಟಿದೆ. ಹೇಳಿಬಿಡುತ್ತೇನೆ.

ಪುಟ್ಟಿಗೆ ಆಗ ಹದಿನೈದು ತಿಂಗಳು ತುಂಬಿ ಕೆಲವು ದಿನಗಳಾಗಿದ್ದವು. ಇನ್ನೂ ನಡೆದಿರಲಿಲ್ಲ. ಅಂಬೆಗಾಲನ್ನಂತೂ ಅವಳು ಇಟ್ಟದ್ದೇ ಇಲ್ಲ. ಕುಳಿತಲ್ಲಿಂದಲೇ ಒಂದು ಕೈ ಊರಿ, ಕುಂಡಿಯ ಮೇಲೆ ಜರುಗುತ್ತ ಮನೆಯೆಲ್ಲ ಸುತ್ತುವುದು ಅವಳ ಪದ್ಧತಿ. ಆ ವೇಗ ನೋಡಬೇಕಿತ್ತು! ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾದರೆ ಸಾಕು, ಹಾಲ್‌ನ ಆ ತುದಿಯಿಂದ ಈ ತುದಿಗೆ ಸರ್ರನೆ ಜಾರಿಕೊಂಡು ಹಾಜರ್. ನಮಗೆ ಅದೊಂದು ತಮಾಷೆ.

ಊರಿನವರಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರು, ದೇವಸ್ಥಾನದಲ್ಲಿ ಸಿಕ್ಕವರು, ಮದುವೆಮನೆಯಲ್ಲಿ ಪಂಕ್ತಿಗೆ ಕಾಯುತ್ತಿದ್ದವರು, ಎಲ್ಲರದೂ ಒಂದೇ ಪ್ರಶ್ನೆ: "ಇನ್ನೂ ನಡೆಯಲ್ವಾ?" ಆ 'ಇನ್ನೂ' ಎಂಬ ಎರಡಕ್ಷರ ಇದೆಯಲ್ಲ, ಅದನ್ನು ಬಾಣಂತನ ಕಳೆದ ಹೆಣ್ಣುಮಕ್ಕಳ ಎದುರು ಆಡಬಾರದೆಂದು ಯಾರಾದರೂ ಕಾನೂನು ಮಾಡಬೇಕು. ಮೇಲಿನ ಮಹಡಿಯ ಹುಡುಗನೊಬ್ಬ ಹತ್ತು ತಿಂಗಳಿಗೇ ಕಾರಿಡಾರಿನಲ್ಲಿ ಓಡಾಡತೊಡಗಿದ್ದ. ಅವನ ತಾಯಿ ಅದನ್ನು ಹೇಳುವ ಧಾಟಿ ಕೇಳಿದರೆ, ಹುಡುಗ ಡಿಸ್ಟಿಂಕ್ಷನ್‌ನಲ್ಲಿ ಪಾಸಾದನೇನೋ ಅನ್ನಿಸುತ್ತಿತ್ತು.

ಸೊಸೆ ಬಾಯಿ ಬಿಟ್ಟು ಏನೂ ಹೇಳುವವಳಲ್ಲ. ರಾತ್ರಿ ಮಗು ಮಲಗಿದ ಮೇಲೆ ಕತ್ತಲಲ್ಲಿ ಫೋನು ಹಿಡಿದು ಏನೇನೋ ಓದುತ್ತ ಕುಳಿತಿರುತ್ತಿದ್ದಳು. ಆ ಬೆಳಕಿನಲ್ಲಿ ಅವಳ ಮುಖ ಬಾಡಿದ್ದು ನನಗೆ ಕಾಣುತ್ತಿತ್ತು. ಹಾಗಿದ್ದೂ ಒಂದು ಸಂಜೆ ಯಾರೋ ನೆಂಟರ ಎದುರಿಗೆ ನಾನೇ ಹೇಳಿಬಿಟ್ಟೆ: "ಇವರಪ್ಪ ಹನ್ನೊಂದು ತಿಂಗಳಿಗೇ ನಡೆದಿದ್ದ." ಮಗನ ಮೇಲಿನ ಅಭಿಮಾನಕ್ಕೆ ಬಂದ ಮಾತು, ಅಷ್ಟೆ. ಆದರೆ ಸೊಸೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾಲ್ಕು ಲೋಟ ತೊಳೆಯಲು ಅಷ್ಟು ನೀರು ಬೇಕೆ? ನಲ್ಲಿಯ ಸದ್ದಿನಲ್ಲಿ ಅವಳು ಅಳುತ್ತಿದ್ದಳು. ನಾನೂ ಒಂದು ಕಾಲದಲ್ಲಿ ಹಾಗೆಯೇ ನಲ್ಲಿ ಬಿಟ್ಟು ಅತ್ತವಳು. ನನಗೆ ಗೊತ್ತಾಗದೆ ಇರುತ್ತದೆಯೇ?

ಮರುದಿನ ನಾನೇ ಮುಂದಾಗಿ ಹೇಳಿದೆ: "ನಡಿಯಮ್ಮ, ಡಾಕ್ಟರ ಹತ್ತಿರ ಹೋಗಿ ಕೇಳಿಬಿಡೋಣ. ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗೋದು ಬೇಡ."

ಮಕ್ಕಳ ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಪುಟ್ಟಿಯ ಕೈಕಾಲು ಬಗ್ಗಿಸಿ ನೋಡಿದರು. ನಿಲ್ಲಿಸಿ ನೋಡಿದರು. ಹಿಂದಿನಿಂದ ಹೆಸರು ಕರೆದರು, ತಿರುಗಿದಳು. ಮೇಜಿನ ಮೇಲೊಂದು ಸಣ್ಣ ಗುಂಡಿ ಇಟ್ಟರು. ಹೆಬ್ಬೆರಳು ತೋರುಬೆರಳುಗಳ ನಡುವೆ ನಾಜೂಕಾಗಿ ಎತ್ತಿದಳು. ಬಾಯಿಗೆ ಹಾಕುವ ಮುಂಚೆ ಡಾಕ್ಟರು ಕಿತ್ತುಕೊಂಡರು ಅನ್ನಿ. ಆಮೇಲೆ ಗೋಡೆಯ ಮೇಲಿನ ಒಂದು ಪಟ ತೋರಿಸಿದರು. ಪಕ್ಕದಲ್ಲಿ ನಮ್ಮವರು! ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದ ಕೈ. ಜೇಬಿನಿಂದ ಡೈರಿ ತೆಗೆದು ಅಂಕಿಗಳನ್ನೆಲ್ಲ ಬರೆದುಕೊಂಡೇಬಿಟ್ಟರು. ಹಾಗಾಗಿ ನಾನು ಈಗ ಕೊಡುವ ಲೆಕ್ಕದಲ್ಲಿ ಪೈಸೆ ವ್ಯತ್ಯಾಸವಿಲ್ಲವೆಂದು ತಿಳಿಯಿರಿ.

ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿ, 2006ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಅದರಲ್ಲಿ ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎಲ್ಲವೂ ಆರೋಗ್ಯವಂತ ಮಕ್ಕಳೇ. ಆದರೂ ಅವರ ನಡುವಿನ ಅಂತರ ನೋಡಿ. ಆಸರೆಯಿಲ್ಲದೆ ಕೂರುವುದು 3.8 ತಿಂಗಳಿನಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ಅಂಬೆಗಾಲು 5.2ರಿಂದ 13.5 ತಿಂಗಳು. ಏನನ್ನೂ ಹಿಡಿಯದೆ ನಿಲ್ಲುವುದು 6.9ರಿಂದ 16.9 ತಿಂಗಳು. ನಡೆಯುವುದು 8.2ರಿಂದ 17.6 ತಿಂಗಳು. ಅಂದರೆ ಒಂದು ಮಗು ಎಂಟು ತಿಂಗಳಿಗೆ ಹೆಜ್ಜೆ ಹಾಕಿ, ಇನ್ನೊಂದು ಹದಿನೇಳು ತಿಂಗಳು ದಾಟಿದ ಮೇಲೆ ಹೆಜ್ಜೆ ಹಾಕಿದರೂ ಎರಡೂ ಸರಿಯೇ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನು ಇಡದೆಯೇ ಮುಂದಿನ ಮೆಟ್ಟಿಲಿಗೆ ಹಾರಿದ್ದರಂತೆ.

"ಕುಂಡಿಯ ಮೇಲೆ ಜರುಗುವ ಮಕ್ಕಳು ಸಾಮಾನ್ಯವಾಗಿ ತಡವಾಗಿಯೇ ನಡೆಯೋದು," ಎಂದರು ಡಾಕ್ಟರು. "ಯಾಕೆ ಹೇಳಿ? ಕೂತಲ್ಲೇ ಎಲ್ಲ ಕಡೆಗೂ ಹೋಗಬಹುದು, ಒಂದು ಕೈ ಖಾಲಿ ಬೇರೆ ಇರುತ್ತೆ. ಅವಳಿಗೆ ಎದ್ದು ನಿಲ್ಲೋ ದರ್ದೇನು? ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲೇ ಇರುತ್ತೆ. ನಿಮ್ಮಲ್ಲಿ ಯಾರಾದರೂ ಹೀಗಿದ್ದರಾ?"

ಸೊಸೆ ಅಲ್ಲೇ ದಾವಣಗೆರೆಗೆ ಫೋನು ಮಾಡಿ ಅವರಮ್ಮನನ್ನು ಕೇಳಿದಳು. "ಅಯ್ಯೋ, ನೀನೇ ಹಂಗೆ ಜರುಗ್ತಿದ್ದೆ ಕಣೇ. ಚಡ್ಡಿಯೆಲ್ಲ ತೂತು ಬಿದ್ದು ಹೋಗ್ತಿತ್ತು. ಒಂದೂವರೆ ವರ್ಷಕ್ಕೆ ನಡೆದೆ" ಎಂದರು ಅವರು. ಬಹಳ ದಿನಗಳ ಮೇಲೆ ಸೊಸೆ ನಕ್ಕಿದ್ದು ಆಗ.

ಡಾಕ್ಟರು ಇಷ್ಟಕ್ಕೇ ನಿಲ್ಲಿಸಲಿಲ್ಲ. ಅದನ್ನೂ ಹೇಳಬೇಕು, ಯಾಕೆಂದರೆ 'ತಡವಾದರೆ ಏನೂ ಪರವಾಗಿಲ್ಲ' ಎಂದು ಎಲ್ಲವನ್ನೂ ತಳ್ಳಿಹಾಕುವ ಅಜ್ಜಿಯರೂ ನಮ್ಮಲ್ಲಿದ್ದಾರೆ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಒಂದೇ ಕಡೆಯ ಕೈಕಾಲನ್ನು ಬಳಸುತ್ತ ಇನ್ನೊಂದು ಕಡೆಯದನ್ನು ಬಿಗಿಹಿಡಿದಿದ್ದರೆ, ಹೆಸರು ಕರೆದರೂ ಸದ್ದಾದರೂ ತಿರುಗದಿದ್ದರೆ, ಚೆನ್ನಾಗಿ ಬಂದಿದ್ದ ಮಾತೋ ಓಡಾಟವೋ ನಿಂತುಹೋದರೆ ಒಂದು ದಿನವೂ ಕಾಯಬಾರದು. 'ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ' ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬಾರದು. ಮಕ್ಕಳ ಇಂಥ ತೊಂದರೆಗಳನ್ನು ಬೇಗ ಗುರುತಿಸಲೆಂದೇ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದೆ. ಕಿವಿ ಕೇಳದ ಮಗುವಿಗೆ ಮಾತು ಬರಲಿ ಎಂದು ದೇವರಿಗೆ ಹರಕೆ ಹೊತ್ತು ಎರಡು ವರ್ಷ ಕಳೆದರೆ, ಆ ಎರಡು ವರ್ಷವನ್ನು ದೇವರೂ ಹಿಂದಕ್ಕೆ ಕೊಡುವುದಿಲ್ಲ.

ಅಂತೂ ನಾವು ಹಗುರಾಗಿ ಮನೆಗೆ ಬಂದೆವು. ಡಾಕ್ಟರು ಇನ್ನೊಂದು ಕಿವಿಮಾತು ಹೇಳಿದ್ದರು. ನೆಂಟರೊಬ್ಬರು ಮಗುವಿಗೆಂದು ವಾಕರ್ ತಂದುಕೊಟ್ಟಿದ್ದರು. ನಡುವೆ ಮಗುವನ್ನು ಕೂರಿಸಿ, ಸುತ್ತ ಗಾಲಿಗಳಿರುತ್ತವಲ್ಲ, ಅದು. ಅದು ನಡೆಯಲು ಕಲಿಸುವುದಿಲ್ಲ. ಮಗು ಕಾಲ ತುದಿಯಿಂದ ನೆಲ ತಳ್ಳುತ್ತ ಜಾರುವುದನ್ನು ಕಲಿಯುತ್ತದೆ, ಮೆಟ್ಟಿಲ ಮೇಲಿಂದ ಉರುಳುವ ಅಪಾಯ ಬೇರೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರಂತೆ. ನಮ್ಮವರು ಅದನ್ನು ಅಟ್ಟಕ್ಕೆ ಏರಿಸಿ, ಮೈಸೂರಿಗೆ ಹೋಗಿ ಬರುವಾಗ ಚನ್ನಪಟ್ಟಣದಲ್ಲಿ ಇಳಿದು, ಮರದ ಮೂರು ಗಾಲಿಯ ನಡೆಬಂಡಿ ತಂದರು. ಅರಗಿನ ಬಣ್ಣ ಹಚ್ಚಿದ ಕೆಂಪು ಹಳದಿ ಬಂಡಿ. ಇದರಲ್ಲಿ ಮಗು ಕೂರುವುದಿಲ್ಲ, ಹಿಡಿದು ನಿಲ್ಲುತ್ತದೆ, ತನ್ನ ಭಾರವನ್ನು ತಾನೇ ಹೊತ್ತು ತಳ್ಳುತ್ತದೆ. ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಸರಿಯಾದ ಬಂಡಿಯನ್ನೇ ಮಾಡಿದ್ದರು. ಪುಟ್ಟಿ ಮಾತ್ರ ಮೊದಲ ವಾರವೆಲ್ಲ ಬಂಡಿಯನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸುತ್ತ ಕುಳಿತಳು.

ಇದೆಲ್ಲ ಆದ ಮೇಲೆ ಬಂದದ್ದು ಆ ಮಂಗಳವಾರ.

ಕೆಲಸದಾಕೆ ಯಾಕೆ ಹಾಗೆ ಹೇಳಿದಳೆಂದು ಕೇಳಿದೆ. ಅವಳು ಸಿಂಧನೂರಿನ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇವಳು ನಾಲ್ಕು ಮನೆ ಕೆಲಸ ಮಾಡುತ್ತಾಳೆ. ಮಗು ಎಂಟು ತಿಂಗಳಿದ್ದಾಗ ಊರಿನಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. "ನಮ್ ಹುಡುಗ ನಡದದ್ದು ನಾ ನೋಡ್ಲೇ ಇಲ್ರಿ ಅಮ್ಮಾ. ನಮ್ಮವ್ವ ಫೋನ್ ಮಾಡಿ, ನಿನ್ ಮಗ ನಡದ ನೋಡು ಅಂದ್ಲು. ಖುಷಿಲೆ ಹೇಳಿದ್ಲ್ರೀ ಆಕಿ. ನಾ ಫೋನ್ ಇಟ್ಟು ಭಾಳ ಅತ್ತೆ. ಜಾತ್ರಿಗೆ ಹೋದಾಗ ನೋಡ್ತೀನಿ, ಓಡಾಕತ್ತಿದ್ದ. ನನ್ನ ನೋಡಿ ನಮ್ಮವ್ವನ ಹಿಂದ ಹೋಗಿ ನಿಂತ." ಇಷ್ಟು ಹೇಳಿ ಬಕೆಟ್ ಎತ್ತಿಕೊಂಡು ಬಾತ್‌ರೂಮಿಗೆ ಹೋದಳು. ಮುಂದೆ ಕೇಳುವ ಧೈರ್ಯ ನನಗಾಗಲಿಲ್ಲ.

ಅವಳು ಸಿಂಧನೂರು ಎಂದಾಗ ನನಗೆ ಬೇರೆಯದೇ ನೆನಪಾಯಿತು.

1989. ನಾವಾಗ ತಿಪಟೂರಿನಲ್ಲಿದ್ದೆವು. ಒಂದು ವಠಾರ, ಆರು ಮನೆ, ಒಂದು ಬಾವಿ, ಒಂದು ನಲ್ಲಿ. ಮಗ ಹುಟ್ಟಿ ಮೂರು ತಿಂಗಳಾಗಿರಲಿಲ್ಲ, ನಮ್ಮವರಿಗೆ ಸಿಂಧನೂರಿಗೆ ವರ್ಗವಾಯಿತು. ಅತ್ತೆಗೆ ಕಾಯಿಲೆ, ನಾನು ಹೋಗುವ ಹಾಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ಹೊರಟು, ಹೊಸಪೇಟೆ, ಚಿತ್ರದುರ್ಗ ಎಂದು ಬಸ್ಸು ಬದಲಿಸುತ್ತ ಭಾನುವಾರ ಬೆಳಗಿನ ಜಾವ ಬಂದು ಇಳಿಯುತ್ತಿದ್ದರು. ಭಾನುವಾರ ರಾತ್ರಿ ಮತ್ತೆ ಬಸ್ಸು. ವಠಾರದಲ್ಲಿ ಫೋನಿರಲಿಲ್ಲ. ಇನ್‌ಲ್ಯಾಂಡ್ ಪತ್ರವೇ ಗತಿ. ಮಗು ಮಗುಚಿಕೊಂಡದ್ದು, ಕೂತದ್ದು, ಹಲ್ಲು ಬಂದದ್ದು, 'ತಾತಾ' ಅಂದದ್ದು ಎಲ್ಲವನ್ನೂ ನಾನು ಬರೆದೆ; ಅವರು ಓದಿಯೇ ತಿಳಿದುಕೊಂಡರು. ಒಂದು ಪತ್ರಕ್ಕೆ ಅವರು ಉತ್ತರ ಬರೆಯುತ್ತ, "ನನ್ನ ಮಗ ಎಲ್ಲವನ್ನೂ ಪೋಸ್ಟಿನಲ್ಲೇ ಮಾಡುತ್ತಿದ್ದಾನೆ" ಎಂದು ಬರೆದಿದ್ದರು. ತಮಾಷೆಗೇ ಬರೆದದ್ದು. ಆದರೆ ಆ ಸಾಲನ್ನು ಓದಿ ನನ್ನ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಗುರುವಾರ, ವಠಾರದ ಅಂಗಳದಲ್ಲಿ, ಕೊಬ್ಬರಿ ಒಣಹಾಕಿದ್ದ ಚಾಪೆಯ ಪಕ್ಕದಲ್ಲಿ ಮಗ ನಡೆದುಬಿಟ್ಟ. ಆರೂ ಮನೆಯವರು ಹೊರಗೆ ಬಂದು ನೋಡಿದರು. ಮೇಷ್ಟ್ರ ಹೆಂಡತಿ ಸಕ್ಕರೆ ಹಂಚಿದರು. ನಾನು ಎಲ್ಲರ ಮನೆಗೂ ಹೋಗಿ ಕೈಮುಗಿದು ಕೇಳಿಕೊಂಡೆ: "ಭಾನುವಾರ ಇವರು ಬರ್ತಾರೆ. ದಯವಿಟ್ಟು ಯಾರೂ ಹೇಳಬೇಡಿ." ಎಲ್ಲರೂ ಒಪ್ಪಿದರು. ಭಾನುವಾರ ಬೆಳಿಗ್ಗೆ ಇವರು ಸ್ನಾನ ಮಾಡಿ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ, ಮಗುವನ್ನು ಕಂಬದ ಹತ್ತಿರ ನಿಲ್ಲಿಸಿ ನಾನು ಒಳಗೆ ಹೋದೆ. ಅವನು ಅಪ್ಪನ ಕಡೆಗೆ ನಾಲ್ಕು ಹೆಜ್ಜೆ ಹಾಕಿ ಮಡಿಲಿಗೆ ಬಿದ್ದ. ಇವರು ಕೂಗಿದ ಕೂಗಿಗೆ ಆರು ಮನೆಯವರೂ ಮತ್ತೊಮ್ಮೆ ಹೊರಗೆ ಬಂದು, ಗುರುವಾರಕ್ಕಿಂತ ಹೆಚ್ಚಾಗಿ ಆಶ್ಚರ್ಯಪಟ್ಟರು! ಇವರ ಕಣ್ಣಲ್ಲಿ ನೀರು. "ನಾನು ಬರಲಿ ಅಂತಲೇ ಕಾದಿದ್ದ ಕಣೇ" ಎಂದರು. "ಹೌದು ನೋಡಿ" ಎಂದೆ.

ಮೂವತ್ತೈದು ವರ್ಷಕ್ಕೂ ಮೇಲಾಯಿತು. ಈ ಕತೆಯನ್ನು ಅವರು ಹೇಳದ ಮದುವೆಮನೆಯಿಲ್ಲ. ಹೇಳಿದಾಗಲೆಲ್ಲ ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ತಲೆತಗ್ಗಿಸಿ ಕೂರುತ್ತೇನೆ.

ಈಗ ಗೊತ್ತಾಯಿತಲ್ಲ, ಮಂಗಳವಾರ ನಾನು ಯಾಕೆ ಕಳ್ಳಿಯ ಹಾಗೆ ಬಾಗಿಲು ನೋಡಿದೆನೆಂದು?

ಹೇಳಲಿಲ್ಲ. ನಮ್ಮವರಿಗೂ ಹೇಳಲಿಲ್ಲ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆ ಸೊಸೆ ಬಂದಾಗ ಮಗು ಏನಾದರೂ ಮಾಡುತ್ತಾಳೇನೋ ಎಂದು ಕಾದೆ. ಊಹೂಂ. ಎಂದಿನಂತೆ ಕುಂಡಿಯ ಮೇಲೆ ಜರುಗಿಕೊಂಡು ಹೋಗಿ ಅಮ್ಮನ ಬ್ಯಾಗಿಗೆ ಕೈ ಹಾಕಿದಳು. ಬುಧವಾರವೂ ಇಲ್ಲ. ಗುರುವಾರವೂ ಇಲ್ಲ. ನಾನು ಕಂಡದ್ದು ನಿಜವೋ ಭ್ರಮೆಯೋ ಎಂದು ನನಗೇ ಅನುಮಾನ ಬಂತು. ಇಷ್ಟು ದಿನ ಸೊಸೆಗೆ ಧೈರ್ಯ ಹೇಳಿದವಳು ನಾನೇ ಒಳಗೊಳಗೆ ಹೆದರಿದೆ.

ಹೆದರಬೇಕಾಗಿರಲಿಲ್ಲವೆಂದು ಆಮೇಲೆ ಮಗ ಹೇಳಿದ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕ್ಯಾರೆನ್ ಅಡಾಲ್ಫ್ ಎಂಬಾಕೆ ಮಕ್ಕಳ ನಡಿಗೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಮಕ್ಕಳ ಹೊಸ ವಿದ್ಯೆಗಳನ್ನು ದಿನದಿನವೂ ಗುರುತು ಹಾಕಿ ನೋಡಿದಾಗ, ಇವತ್ತು ಬಂದದ್ದು ನಾಳೆ ಇರುವುದಿಲ್ಲ, ನಾಡಿದ್ದು ಮತ್ತೆ ಬರುತ್ತದೆ. ಹೀಗೆ ಹಲವು ಸಲ ಬಂದು ಹೋಗಿ ಆಮೇಲೆ ನೆಲೆ ನಿಲ್ಲುತ್ತದೆ ಎಂದು ಕಂಡುಬಂತಂತೆ. ಡಾಕ್ಟರು ಹೇಳಿದ 'ಬಂದದ್ದು ನಿಂತುಹೋಗುವುದು' ಇದಲ್ಲ. ಅದು ಗಟ್ಟಿಯಾಗಿ ಬಂದಿದ್ದು ಅಳಿಸಿಹೋಗುವುದು. ಇದು ಇನ್ನೂ ಕಣ್ಣು ಬಿಡುತ್ತಿರುವುದು. ಅದೇ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2368 ಹೆಜ್ಜೆ ಹಾಕುತ್ತಾರೆ, 17 ಸಲ ಬೀಳುತ್ತಾರೆ. ಗಂಟೆಗೆ ಹದಿನೇಳು ಸಲ! ನಾವು ದೊಡ್ಡವರು ಯಾವ ವಿದ್ಯೆಯನ್ನಾದರೂ ಗಂಟೆಗೆ ಹದಿನೇಳು ಸಲ ಬಿದ್ದು ಕಲಿಯುತ್ತೇವೆಯೇ? ಒಂದು ಸಲ ಸೈಕಲ್‌ನಿಂದ ಬಿದ್ದು ನಾನು ಜನ್ಮದಲ್ಲಿ ಮತ್ತೆ ಅದನ್ನು ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ಸೊಸೆ ಒಗೆದ ಬಟ್ಟೆ ಗುಡ್ಡೆ ಹಾಕಿಕೊಂಡು ನೆಲದ ಮೇಲೆ ಕೂತು ಮಡಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಹಿದುಕಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. "ಅತ್ತೆ! ಅತ್ತೇ!" ಎಂಬ ಕೂಗು. ಸೌಟು ಹಿಡಿದೇ ಓಡಿದೆ. ಪುಟ್ಟಿ ದಿವಾನ ಬಿಟ್ಟು ಅಮ್ಮನ ಕಡೆಗೆ ಹೊರಟಿದ್ದಳು. ಎರಡು, ಮೂರು, ನಾಲ್ಕು, ಐದು. ಐದನೆಯದಕ್ಕೆ ಬಟ್ಟೆಯ ರಾಶಿಯ ಮೇಲೆ ಬಿದ್ದು ಕೇಕೆ ಹಾಕಿದಳು. "ನೋಡಿದ್ರಾ ಅತ್ತೆ? ನೋಡಿದ್ರಾ?" ಎಂದು ಸೊಸೆ ನಗುತ್ತ ಅಳುತ್ತಿದ್ದಳು. "ಅಯ್ಯೋ ನನ್ನ ಬಂಗಾರ!" ಎಂದು ನಾನು ಬಾಯಿ ತೆರೆದು ನಿಂತೆ. ಅಷ್ಟು ಚೆನ್ನಾಗಿ ನಟಿಸುವ ಅಗತ್ಯವೂ ಇರಲಿಲ್ಲ. ನನಗೆ ನಿಜವಾಗಿಯೂ ಅದು ಮೊದಲನೆಯದೇ ಅನ್ನಿಸಿತು. ಆ ದಿನ ನಮ್ಮವರು ಹೊಸಿಲಿನ ಮೇಲೆ ಕಾಯಿ ಒಡೆದರು. ಒಗ್ಗರಣೆ ಸೀದು ಹೋಗಿತ್ತು; ಯಾರೂ ದೂರಲಿಲ್ಲ.

ಸೋಮವಾರ ಕೆಲಸದಾಕೆ ಬಂದಾಗ ಸೊಸೆ ಆಫೀಸಿಗೆ ಹೊರಡುವ ಅವಸರದಲ್ಲೂ ಬಾಗಿಲಲ್ಲೇ ಸುದ್ದಿ ಹೇಳಿದಳು. "ಹೌದೇನ್ರೀ ಅಕ್ಕಾ! ನಡದಳೇನ್ರೀ!" ಎಂದು ಅವಳು ಕೆನ್ನೆಗೆ ಕೈಯಿಟ್ಟುಕೊಂಡಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ನಮ್ಮ ಕಾಲಕ್ಕಿಂತ ಈಗ ಕಾನೂನು ಎಷ್ಟೋ ವಾಸಿ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಆದರೆ 26 ವಾರವೆಂದರೆ ಆರು ತಿಂಗಳು. ಅಷ್ಟರಲ್ಲಿ ಮಗು ಮಗುಚಿಕೊಳ್ಳುತ್ತದೆ, ದಿಂಬಿಗೆ ಒರಗಿ ಕೂರುತ್ತದೆ. ನಿಲ್ಲುವುದು, ನಡೆಯುವುದು, ಮಾತಾಡುವುದು ಎಲ್ಲವೂ ತಾಯಿ ಕೆಲಸಕ್ಕೆ ಹೋದ ಮೇಲೇ. ಮನೆಗೆಲಸ, ಗಾರೆ ಕೆಲಸದ ಹೆಣ್ಣುಮಕ್ಕಳಿಗೆ ಆ 26 ವಾರವೂ ಇಲ್ಲ. ಹಾಗಾಗಿ ಈ ಊರಿನ ಎಷ್ಟೋ ಮಕ್ಕಳ ಮೊದಲ ಹೆಜ್ಜೆಯನ್ನು ನೋಡುವವರು ಅಜ್ಜಿಯರು, ಆಯಾಗಳು, ಶಿಶುವಿಹಾರದ ಹೆಂಗಸರು. ಅವರಲ್ಲಿ ಎಷ್ಟು ಜನ ಸಂಜೆ ಮಗುವನ್ನು ತಾಯಿಯ ಕೈಗೆ ಕೊಡುವಾಗ ಬಾಯಿ ಮುಚ್ಚಿಕೊಂಡು ನಗುತ್ತಾರೋ!

ಶನಿವಾರ ರಾತ್ರಿ ತಡೆಯಲಾರದೆ ನಮ್ಮವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮಂಗಳವಾರದ್ದೂ, ತಿಪಟೂರಿನ ಗುರುವಾರದ್ದೂ. ಕತ್ತಲಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಂಚ ಅಲುಗಿತು. ನಗುತ್ತಿದ್ದರು.

"ಗುರುವಾರದ್ದು ನನಗೆ ಗೊತ್ತಿತ್ತು ಕಣೇ."

"ಹೇಗೆ?"

"ಅವತ್ತು ಬಸ್ಸಿಳಿದ ತಕ್ಷಣ ಹಾಲಿನವನು ಸೈಕಲ್ ನಿಲ್ಲಿಸಿ, 'ಸ್ವಾಮೇರ, ನಿಮ್ ಮಗ ನಡೆದ್ಬುಟ್ನಂತಲ್ಲ' ಅಂದ. ನೀನು ವಠಾರದವರಿಗೆ ಹೇಳಿದ್ದೆ, ಹಾಲಿನವನಿಗೆ ಹೇಳಿರಲಿಲ್ಲ."

"ಮತ್ತೆ ಆ ಕೂಗು? ಆ ಕಣ್ಣೀರು?"

"ಕಣ್ಣೀರು ನಿಜದ್ದೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನು ಕಂಬದ ಹತ್ತಿರ ಮಗು ನಿಲ್ಲಿಸಿ, ಏನೂ ಗೊತ್ತಿಲ್ಲದವಳ ಹಾಗೆ ಒಳಗೆ ಹೋಗಿ, ಕಿಟಕಿಯಿಂದ ನೋಡ್ತಾ ಇದ್ದೆಯಲ್ಲ. ಅದನ್ನು ನೋಡಿ ಬಂತು" ಎಂದರು.

ಪುಟ್ಟಿಗೆ ಈಗ ಎರಡು ತುಂಬಿದೆ. ಓಡುತ್ತಾಳೆ, 'ಅಜ್ಜಿ ಬಾ' ಅನ್ನುತ್ತಾಳೆ, 'ಹಾಲು ಬೇಡ' ಅನ್ನುತ್ತಾಳೆ. ನಡೆಬಂಡಿ ಮೂಲೆ ಸೇರಿದೆ. ಮೊನ್ನೆ ಈ ಲೇಖನ ಬರೆಯಬೇಕೆಂದಾಗ, ಕದ್ದು ಬರೆಯುವುದು ಬೇಡವೆಂದು ಸೊಸೆಯನ್ನು ಕೂರಿಸಿಕೊಂಡು ಹೇಳಿದೆ. ನಲ್ಲಿಯ ಹತ್ತಿರ ಅಳಿಸಿದ ಆ ಸಂಜೆಯ ಮಾತಿಗೂ ಕ್ಷಮೆ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಎಷ್ಟು ಹೆಜ್ಜೆ ಅತ್ತೆ?"

"ಮೂರು."

"ಯಾವ ಕಾಲು ಮೊದಲು?"

"ಬಲಗಾಲು."

ಎದ್ದು ಹೋಗಿ ಒಂದು ನೋಟ್‌ಬುಕ್ ತಂದಳು. ಪುಟ್ಟಿ ಹುಟ್ಟಿದಾಗಿನಿಂದ ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿದ್ದಾಳೆ. ಮೊದಲ ನಗು, ಮೊದಲ ಹಲ್ಲು, ಮೊದಲ ಮಾತು. 'ಮೊದಲ ಹೆಜ್ಜೆ, ಶನಿವಾರ, ಐದು' ಎಂದಿತ್ತು. ಅದನ್ನು ಹೊಡೆದುಹಾಕಲಿಲ್ಲ. ಅದರ ಮೇಲಿದ್ದ ಸ್ವಲ್ಪ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: 'ಮಂಗಳವಾರ, ಅಜ್ಜಿಯ ಕಡೆಗೆ, ಮೂರು.'